ನಮ್ಮೂರ ವಸಂತ – 4: ಟೊಳ್ಳು ಮರ ವೇಸ್ಟ್ ಅಲ್ಲ

ಈ ವಾರ ನಿಮ್ಮೆಲ್ಲರ ಫೀಡ್ ಬೆಳ್ಳಗಿದೆ. ಬಾಳೆಲೆಯಿಂದ ಪೊನ್ನಂಪೇಟೆವರೆಗೆ ಎಲ್ಲರದ್ದೂ ಕಾಫಿ ಹೂವಿನ ರೀಲ್ಸ್. ಚೆನ್ನಾಗಿವೆ, ಲೈಕ್ ಒತ್ತಿದೀನಿ. ಆದ್ರೆ ಕಾಫಿ ಹೂವನ್ನೇ ವಸಂತದ ಗುರುತು ಅನ್ನೋದನ್ನ ನಾನು ಒಪ್ಪಲ್ಲ. ಹೂಮಳೆ ಬರದಿದ್ರೂ ಸ್ಪ್ರಿಂಕ್ಲರ್ ಹಾಕಿದ್ರೆ ಸುಮಾರು ಹತ್ತು ದಿನದಲ್ಲಿ ತೋಟ ಅರಳುತ್ತೆ. ಸ್ವಿಚ್ ಒತ್ತಿದ್ರೆ ಬರದ ವಸಂತ ನೋಡ್ಬೇಕಾ? ಊರಿನ ದೇವರಕಾಡಿನ ಅಂಚಲ್ಲಿ ನಿಂತ್ಕೊಳ್ಳಿ.

ಮೊದಲು ಕೇಳ್ಸೋದು ಕುಟ್ರುಹಕ್ಕಿ, ನಿಲ್ಲಿಸದೆ ಕುಟ್ರೂ ಕುಟ್ರೂ ಅಂತ. ಹಾಲುವಾಣದ ಕೆಂಪು ಹೂವಿಗೆ ಮೈನಾ, ಕಾಜಾಣ ಮುತ್ತಿರ್ತವೆ. ಎತ್ತರದ ಕೊಂಬೆಯಲ್ಲಿ ಹೆಜ್ಜೇನು ಗೂಡು. ಆಮೇಲೆ ಯಾರೋ ಗಹಗಹಿಸಿ ನಕ್ಕ ಹಾಗೆ ಒಂದು ಕೂಗು. ಅದು ಮಲಬಾರ್ ಬೂದು ಮಂಗಟ್ಟೆ. ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ.

ಈ ಕಾಲದಲ್ಲಿ ಹೆಣ್ಣು ಮಂಗಟ್ಟೆ ಹಳೇ ಮರದ ಪೊಟರೆ ಹೊಕ್ಕು, ಬಾಯಿಯನ್ನ ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತೆ. ಉಳಿಯೋದು ಒಂದು ಸೀಳು ಮಾತ್ರ. ಎರಡು ತಿಂಗಳಿಗೂ ಹೆಚ್ಚು ಕಾಲ ಗಂಡು ಅದ್ರಲ್ಲೇ ಹಣ್ಣು, ಹುಳ ತಂದು ಕೊಡ್ಬೇಕು. ಕುಟ್ರುಹಕ್ಕಿ, ಮರಕುಟಿಗಗಳಾದ್ರೆ ತಮ್ಮ ತೂತು ತಾವೇ ಕೊರೆದುಕೊಳ್ತವೆ. ಮಂಗಟ್ಟೆಗೆ ಅದು ಆಗಲ್ಲ. ಕೊಂಬೆ ಮುರಿದು, ಕೊಳೆತು, ತಾನಾಗಿ ಟೊಳ್ಳಾದ ಮರವೇ ಬೇಕು. ಅಂಥ ಮರ ಆಗೋಕೆ ಎಷ್ಟೋ ದಶಕ ಹಿಡಿಯುತ್ತೆ. ಯಾವ ಸ್ಪ್ರಿಂಕ್ಲರೂ ಪೊಟರೆ ತರಲ್ಲ.

ತೋಟಗಳಲ್ಲಿ ಕಾಡುಮರ ಹೋಗಿ ಸಿಲ್ವರ್ ಓಕ್ ಬಂದಿರೋದು ನೀವೇ ನೋಡಿದೀರಿ. ಅದ್ರಲ್ಲಿ ಮೆಣಸು ಹಬ್ಬುತ್ತೆ, ಮರ ಮಾರಿದ್ರೆ ದುಡ್ಡೂ ಬರುತ್ತೆ. ಬೆಳೆಗಾರರ ಲೆಕ್ಕ ನಂಗೂ ಅರ್ಥ ಆಗುತ್ತೆ. ಅದಕ್ಕೇ ದೇವರಕಾಡು ಇನ್ನೂ ಮುಖ್ಯ. ಅದು ಯಾರೊಬ್ಬರ ತೋಟವೂ ಅಲ್ಲ, ಇಡೀ ಊರಿಂದು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರಲ್ಲಿ ಅವುಗಳ ವಿಸ್ತೀರ್ಣ 6,000 ಹೆಕ್ಟೇರ್ ದಾಟಿತ್ತು. 1980ರ ದಶಕದ ಹೊತ್ತಿಗೆ ಸುಮಾರು 2,500ಕ್ಕೆ ಇಳಿದಿತ್ತು. ಒಂದೇ ದಿನ ಯಾರೂ ಕಡಿದು ಮುಗಿಸಲಿಲ್ಲ. ಬೇಲಿ ಸ್ವಲ್ಪ ಸ್ವಲ್ಪ ಒಳಗೆ ಬಂತು, ಅಷ್ಟೇ.

ಈಗ ಉಳಿದಿರೋದ್ರಲ್ಲೂ "ಕ್ಲೀನ್ ಮಾಡೋಣ, ಆ ಟೊಳ್ಳು ಮರ ಹೇಗೂ ವೇಸ್ಟು" ಅನ್ನೋ ಮಾತು ಬರುತ್ತೆ. ರಸ್ತೆ ಮೇಲೋ ಕರೆಂಟ್ ಲೈನ್ ಮೇಲೋ ಬಾಗಿದ್ರೆ ಸರಿ, ಜನರ ಜೀವ ಮೊದಲು. ಆದ್ರೆ ಕಾಡಿನ ನಡುವೆ ನಿಂತಿರೋ ಮರ ಯಾರಿಗೆ ಅಡ್ಡಿ? ನಮ್ಮ ಕಣ್ಣಿಗೆ ಅದು ಸತ್ತ ಮರ. ಮಂಗಟ್ಟೆಗೆ ಅದೇ ಹೆರಿಗೆ ಮನೆ.

ನಿಮ್ಮಿಂದ ಮೂರೇ ಕೆಲ್ಸ ಬೇಕು.

🌳 ನಿಮ್ಮೂರ ದೇವರಕಾಡಲ್ಲಿ ಪೊಟರೆ ಇರೋ ಮರ ಯಾವುದು ಅಂತ ಮನೆಯ ಹಿರಿಯರನ್ನ ಕೇಳಿ ಬರೆದಿಟ್ಟುಕೊಳ್ಳಿ.

📵 ಗೂಡಿನ ಫೋಟೋ ಸಿಕ್ಕಿದ್ರೂ ಲೊಕೇಶನ್ ಹಾಕ್ಬೇಡಿ. ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯೋದೂ ಬೇಡ. ಜನ ಮುತ್ತಿಕೊಂಡ್ರೆ ಗಂಡು ಹತ್ರ ಬರಲ್ಲ, ಒಳಗಿರೋರು ಉಪವಾಸ. ನೀವೂ ರಸ್ತೆಯಿಂದಲೇ ನೋಡಿ. ಪಕ್ಕದಲ್ಲೇ ನಾಗರಹೊಳೆ, ಆನೆ ಯಾವ ಕಡೆ ಇರುತ್ತೋ ಗೊತ್ತಾಗಲ್ಲ.

🗣️ ಹಬ್ಬದ ಮೀಟಿಂಗಲ್ಲಿ ಮರ ಕಡಿಯೋ ಮಾತು ಬಂದ್ರೆ ಸುಮ್ನೆ ಕೂರ್ಬೇಡಿ. "ಆ ಮರದಲ್ಲಿ ಮಂಗಟ್ಟೆ ಇದೆ" ಅಂತ ಒಂದು ಮಾತು ಹೇಳಿ. ಊರಲ್ಲಿ ನಮ್ಮ ವಯಸ್ಸಿನವರು ಬಾಯಿ ಬಿಡೋದೇ ಕಮ್ಮಿ, ಹಾಗಾಗಿ ಹೇಳಿದ್ರೆ ಕೇಳ್ತಾರೆ.

ನಿಮ್ಮೂರಲ್ಲಿ ಈ ವರ್ಷ ಮಂಗಟ್ಟೆ ನಗು ಕೇಳಿಸ್ತಾ? ಊರಿನ ಹೆಸರು ಬೇಡ, "ಹೂಂ" ಅಥವಾ "ಇಲ್ಲ" ಸಾಕು. ಕಾಮೆಂಟ್ ಹಾಕಿ.

#ನಮ್ಮೂರವಸಂತ #ದೇವರಕಾಡು #ಬಾಳೆಲೆ