ಸರದಿಯೂ ಪರಸ್ವತ್ತೇ

ತಕ್ಕಡಿಯಲ್ಲಿ ಗುಲಗಂಜಿಯಷ್ಟು ತೂಕ ಕಡಿಮೆಯಾದರೂ ಪಾಪವೆಂದು ನಂಬಿ ವ್ಯಾಪಾರ ಮಾಡಿದ ಹಿರಿಯರ ಸಂತತಿ ನಾವು. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಎಣಿಸಿದೆ. ಅಂಗಡಿಯಲ್ಲಿ ಇದನ್ನು ಪಾಲಿಸುವ ನಾವೇ ವೈದ್ಯರ ಚಿಕಿತ್ಸಾಲಯದ ಹೊಸ್ತಿಲಲ್ಲಿ ಎರಡು ಅಳತೆಗೋಲುಗಳನ್ನು ಹಿಡಿಯುತ್ತೇವೆ: ಪರರಿಗೆ ಟೋಕನ್ನಿನ ಸಂಖ್ಯೆ, ನಮಗೆ ಪರಿಚಯದ ಬಲ.

ಪರರನ್ನು ದೂಷಿಸುವ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ರಕ್ತದೊತ್ತಡದ ಮಾಮೂಲು ತಪಾಸಣೆಗೆಂದು ನಮ್ಮೂರಿನ ಒಂದು ಚಿಕಿತ್ಸಾಲಯಕ್ಕೆ ಹೋಗಿದ್ದೆ. ಹೆಸರು ಬರೆಸಿರಲಿಲ್ಲ. ಕಾಂಪೌಂಡರು ನನ್ನನ್ನು ಕಂಡೊಡನೆ ಎದ್ದು ಒಳಗೆ ಕರೆದೊಯ್ದರು. ಹೊರಬರುವಾಗ, ಜ್ವರದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಕೂಲಿಯ ಹೆಣ್ಣುಮಗಳೊಬ್ಬಳು, “ನಿಮ್ಮದು ಎಷ್ಟನೇ ನಂಬರು ಯಜಮಾನರೇ?” ಎಂದು ಕೇಳಿದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ತನ್ನ ಸರದಿ ಇನ್ನೆಷ್ಟು ದೂರವೆಂದು ತಿಳಿಯುವುದಷ್ಟೇ ಆಕೆಗೆ ಬೇಕಾಗಿತ್ತು. ಆದರೆ ಉತ್ತರವಾಗಿ ಹೇಳಲು ನನ್ನಲ್ಲಿ ಸಂಖ್ಯೆಯೇ ಇರಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಐದಾರು ನಿಮಿಷಗಳಿಂದ ಯಾರಿಗೇನು ನಷ್ಟವೆಂದು ಕೇಳುವವರುಂಟು. ವರ್ತಕನಾದ ನಾನು ಲೆಕ್ಕವನ್ನೇ ಮುಂದಿಡುತ್ತೇನೆ. ವೈದ್ಯರು ಸಂಜೆ 3 ಗಂಟೆಗಳ ಕಾಲ ಕುಳಿತು, ಒಬ್ಬೊಬ್ಬರಿಗೆ 6 ನಿಮಿಷ ಕೊಡುವರೆಂದು ಇಟ್ಟುಕೊಳ್ಳಿ. ಅಲ್ಲಿರುವುದು 30 ಸರದಿಗಳು ಮಾತ್ರ. ಐದು ಮಂದಿ ಗಣ್ಯರು ಮೊದಲಿಗೇ ನಡುವೆ ನುಸುಳಿದರೆ ಉಳಿದ ಮೂವತ್ತು ಮಂದಿಯೂ ಅರ್ಧ ಗಂಟೆ ಹೆಚ್ಚು ಕಾಯಬೇಕು. ಒಟ್ಟು 15 ಗಂಟೆ. ವೈದ್ಯರು ನಿಗದಿಯಾದ ಹೊತ್ತಿಗೇ ಎದ್ದರಂತೂ ಕೊನೆಯ ಐದು ಮಂದಿಗೆ ಅಂದು ಚಿಕಿತ್ಸೆಯೇ ಇಲ್ಲ. ಕಡೆಯ ಬಸ್ಸಿನ ಚಿಂತೆಯುಳ್ಳವರೂ ದಿನದ ಕೂಲಿ ಬಿಟ್ಟು ಬಂದವರೂ ಅವರಲ್ಲಿರುತ್ತಾರೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವಾದರೆ, ಇದನ್ನು ಬೇರೆ ಯಾವ ಹೆಸರಿನಿಂದ ಕರೆಯೋಣ?

ಇನ್ನೊಂದು ಬಗೆಯ ಕಳವೂ ಇದೆ. ಇಬ್ಬರು ವೈದ್ಯರಲ್ಲಿ ಹೆಸರು ಬರೆಸಿ, ಬೇಗ ಸಿಕ್ಕಿದವರ ಬಳಿಗೆ ಹೋಗಿ, ಇನ್ನೊಬ್ಬರಿಗೆ ಒಂದು ಮಾತನ್ನೂ ತಿಳಿಸದಿರುವುದು. ಮಾರಾಟವಾಗದ ಬೇಳೆ ನಾಳೆಗೂ ಉಳಿದೀತು. ಬಳಕೆಯಾಗದ ಸರದಿ ಆ ಕ್ಷಣದಲ್ಲೇ ನಾಶವಾಗುತ್ತದೆ. ಬರೆಸಿದವರು ಬಾರದಿರುವ ಅನುಭವವಾದ ಚಿಕಿತ್ಸಾಲಯವು ಒಂದೇ ಹೊತ್ತಿಗೆ ಇಬ್ಬರ ಹೆಸರನ್ನು ಬರೆದುಕೊಳ್ಳತೊಡಗುತ್ತದೆ. ಇಬ್ಬರೂ ಬಂದ ದಿನ ಎಲ್ಲರೂ ಕಾಯುತ್ತಾರೆ, ಎಲ್ಲರೂ ವೈದ್ಯರನ್ನು ಶಪಿಸುತ್ತಾರೆ. ದೋಷದ ಬೀಜವನ್ನು ಬಿತ್ತಿದವರು ಮಾತ್ರ ಮನೆಯಲ್ಲಿ ನಿಶ್ಚಿಂತರಾಗಿರುತ್ತಾರೆ.

“ವೈದ್ಯರೇ ಒಂದು ಗಂಟೆ ತಡವಾಗಿ ಬರುವಾಗ ನಮಗೇಕೆ ಈ ಉಪದೇಶ?” ಎಂಬ ಆಕ್ಷೇಪಣೆ ಬರುತ್ತದೆ. ವೈದ್ಯರ ತಡವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅವರ ತಪ್ಪಿನ ಸಾಲವನ್ನು ಬೆಂಚಿನ ಮೇಲೆ ಕುಳಿತ ಬಡವನಿಂದ ವಸೂಲು ಮಾಡುವುದು ಯಾವ ನ್ಯಾಯ? ಎದೆನೋವಿನವನನ್ನು, ಉಸಿರುಗಟ್ಟಿದ ಮಗುವನ್ನು ಮೊದಲು ಒಳಗೆ ಬಿಡಲೇಬೇಕು. ಅದು ಅಗತ್ಯದ ಹಕ್ಕು. ನನ್ನ ಆಕ್ಷೇಪಣೆ ಪ್ರಭಾವದ ಹಕ್ಕಿಗೆ ಮಾತ್ರ.

ನಿಯಮವೊಂದಿದ್ದರೆ ಎಲ್ಲವೂ ಸರಿಹೋದೀತೆಂಬುದೂ ಭ್ರಮೆ. ಬ್ರಿಟನ್ನಿನ ಸರ್ಕಾರವು 2004ರ ವೇಳೆಗೆ ರೋಗಿಗೆ 48 ಗಂಟೆಗಳೊಳಗೆ ಸ್ಥಳೀಯ ವೈದ್ಯರ ಭೇಟಿ ದೊರೆಯಬೇಕೆಂದು 2000ದಲ್ಲಿ ಗುರಿಯಿಟ್ಟಿತು. ಆ ಗುರಿಯನ್ನು ಮುಟ್ಟಲೆಂದು ಎಷ್ಟೋ ಚಿಕಿತ್ಸಾಲಯಗಳು ಮುಂಗಡವಾಗಿ ಹೆಸರು ಬರೆದುಕೊಳ್ಳುವುದನ್ನೇ ನಿಲ್ಲಿಸಿದವು. ಮುಂದಿನ ವಾರದ ದಿನವೊಂದನ್ನು ಕೇಳಿದವರಿಗೂ, ಬೆಳಿಗ್ಗೆ ಮತ್ತೆ ದೂರವಾಣಿ ಮಾಡಿರೆಂಬ ಉತ್ತರ. 2005ರ ಚುನಾವಣೆಯ ಹೊತ್ತಿನಲ್ಲಿ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಈ ದೂರು ಕೇಳಿಬಂದಾಗ ಪ್ರಧಾನಿ ಟೋನಿ ಬ್ಲೇರ್ ಅವರೇ ಅಚ್ಚರಿಗೊಂಡರು. 2010ರಲ್ಲಿ ಆ ಗುರಿಯನ್ನು ಕೈಬಿಡಲಾಯಿತು. ಲೆಕ್ಕದ ಪುಸ್ತಕ ಗೆದ್ದಿತ್ತು, ರೋಗಿ ಸೋತಿದ್ದ. ವಾರ್ಷಿಕ ವರದಿಯಲ್ಲಿ ರೋಗಿಗಳ ಸಂಖ್ಯೆಯನ್ನಷ್ಟೇ ಅಚ್ಚುಹಾಕಿಸಿ ತೃಪ್ತರಾಗುವ ನಮ್ಮ ಟ್ರಸ್ಟುಗಳು ಇದನ್ನು ಮನನ ಮಾಡಬೇಕು.

ಯಂತ್ರವೂ ಪೂರ್ಣ ಪರಿಹಾರವಲ್ಲ. ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಿಗೆ 2015ರಲ್ಲಿ ಆನ್‌ಲೈನ್ ನೋಂದಣಿ ಬಂದಿತು. 2022ರಿಂದ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಹೊರರೋಗಿ ವಿಭಾಗದ ಟೋಕನ್ ಪಡೆಯುವ ಅನುಕೂಲವೂ ಆಯಿತು. ಇವು ಸ್ವಾಗತಾರ್ಹ. ಆದರೆ ಸ್ಮಾರ್ಟ್‌ಫೋನಿಲ್ಲದ ವೃದ್ಧೆಯು ಬಾಗಿಲು ತೆರೆಯುವ ಮುನ್ನವೇ ಬಂದು ನಿಂತಿದ್ದಾಗ, ಮನೆಯಲ್ಲಿ ಕುಳಿತು ಬೆರಳಾಡಿಸಿದವರಿಗೆ ಸರದಿಗಳೆಲ್ಲ ಹಂಚಿಹೋಗಿದ್ದರೆ, ಹಳೆಯ ಅನ್ಯಾಯಕ್ಕೆ ಹೊಸ ಬಾಗಿಲು ತೆರೆದಂತಾಯಿತು.

ಆದ್ದರಿಂದ ಔಷಧಾಲಯಗಳನ್ನು ನಡೆಸುವ ಬಸದಿಗಳ ಟ್ರಸ್ಟುಗಳಿಗೆ ನನ್ನ ನಿವೇದನೆ ಇಷ್ಟು. ಎಲ್ಲರಿಗೂ ಕಾಣುವಂತೆ ಒಂದೇ ಸರದಿಯ ಪುಸ್ತಕವಿರಲಿ. ಅರ್ಧ ಸರದಿಗಳು ದೂರವಾಣಿಗೆ, ಅರ್ಧ ಬಾಗಿಲಿಗೆ ಬಂದವರಿಗೆ ಮೀಸಲಾಗಲಿ. ತುರ್ತೋ ಅಲ್ಲವೋ ಎಂಬುದನ್ನು ದಾದಿಯು ನಿರ್ಧರಿಸಿ ಕಾರಣವನ್ನು ಬರೆದಿಡಲಿ. ಬರಲಾಗದವರು ತಿಳಿಸಿದೊಡನೆ ಆ ಸರದಿ ಕಾಯುತ್ತಿರುವವರಿಗೆ ಸಲ್ಲಲಿ. ಟ್ರಸ್ಟಿಗಳಿಗೂ ದಾನಿಗಳಿಗೂ ಬೇರೆ ಬಾಗಿಲು ಬೇಡ.

“ದಾನಿಗಳಿಗೆ ಇಷ್ಟೂ ಮರ್ಯಾದೆ ಬೇಡವೇ?” ಎನ್ನುವವರಿಗೆ ಒಂದು ಮಾತು. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಕೊಟ್ಟ ದಾನಕ್ಕೆ ಪ್ರತಿಯಾಗಿ ರೋಗಿಯ ಸರದಿಯನ್ನು ಕೇಳುವವನು ದಾನಿಯಲ್ಲ, ಗಿರಾಕಿ. ಅಮೃತಶಿಲೆಯ ಫಲಕದಲ್ಲಿ ಅವನ ಹೆಸರಿರಬಹುದು. ಪುಣ್ಯದ ಖಾತೆಯಲ್ಲಿ ಆ ಮೊತ್ತ ಅಂದೇ ವಜಾ ಆಗಿರುತ್ತದೆ.

ಮುಂದಿನ ಸಲ ಕಾಂಪೌಂಡರು ನಮ್ಮನ್ನು ಕಂಡು ಎದ್ದರೆ, ಕೈಮುಗಿದು ಅವರನ್ನು ಕುಳ್ಳಿರಿಸೋಣ. ಬೆಂಚಿನ ಮೇಲೆ ಕುಳಿತವರು ನಮ್ಮ ನಂಬರನ್ನು ಕೇಳಿದರೆ ಹೇಳಲು ನಮ್ಮಲ್ಲಿ ಒಂದು ಸಂಖ್ಯೆಯಿರಲಿ.