ಗಾಡ್ಯಾಗ ಸಂಡಾಸ ಕೂಡಿಸ್ತೀರಿ, ಖಾಲಿ ಎಲ್ಲಿ ಮಾಡ್ತೀರಿ?

ಭಾಗ 1

ನನ್ನ ಅಭಿಪ್ರಾಯ ಮೊದಲಿಗೇ ಹೇಳಿಬಿಡ್ತೀನಿ. ಟೆಂಪೋ ಟ್ರಾವೆಲರ್ ಒಳಗ ಸಂಡಾಸ ಕೂಡಿಸೋರು ಮ್ಯಾಸರೇಟರ್ ಪಂಪ್ ಹಾಕಸಬೇಕು. ಅದು ಶ್ರೀಮಂತರ ಶೋಕಿ ಅಲ್ಲ. ಆದ್ರ ಆ ಪಂಪಿನ ಪೈಪು ಎಲ್ಲಿ ಹೋಗಿ ಮುಟ್ಟತೈತಿ ಅನ್ನೋದು ಗೊತ್ತಿಲ್ಲದ ಗಾಡಿಗೆ ಪಂಪೂ ಬ್ಯಾಡ, ಸಂಡಾಸನೂ ಬ್ಯಾಡ.

ಈ ಮಾತು ಯಾಕ ಬಂತಂದ್ರ, ನಮ್ಮ ಕಾಕಾ ಒಂದು ಹಳೇ ಟೆಂಪೋ ಟ್ರಾವೆಲರ್ ತಗೊಂಡಾರ. ಬೈಲಹೊಂಗಲದ ಒಂದು ಗ್ಯಾರೇಜಿನ್ಯಾಗ ನಿಂತೈತಿ. ಹಿಂದಿನ ಸೀಟು ತಗದು ಮಲಗಾಕ ಜಾಗ, ಒಂದು ಗ್ಯಾಸ್ ಕಟ್ಟಿ, ಮೂಲ್ಯಾಗ ಸಣ್ಣ ಸಂಡಾಸ. ಬನದ ಹುಣ್ಣಿಮಿ, ಭಾರತ ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡಕ್ಕ, ಅಕ್ಟೋಬರದಾಗ ಕಿತ್ತೂರ ಉತ್ಸವಕ್ಕ, ಆಮ್ಯಾಲ ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರಿಗೆ ಬಾಡಿಗಿ ಬಿಡೂದು ಅವರ ಲೆಕ್ಕ. ಲೆಕ್ಕ ಬರೀಯಾಕ ಬೀಕಾಂ ಓದೋ ಅಣ್ಣನ ಮಗಳು ಮನ್ಯಾಗ ಅದಾಳಲ್ಲ, ಪುಕ್ಕಟೆ.

ಗಾಡ್ಯಾಗ ಸಂಡಾಸ ಯಾಕ್ರಿ, ನಮ್ಮ ಅಜ್ಜಾರು ಚಕ್ಕಡ್ಯಾಗ ಹೋಗಿ ಬರ್ತಿದ್ದಿಲ್ಲೇನು ಅಂತ ಕೇಳೋರು ಅದಾರ. ಕೇಳೋರು ಹೆಚ್ಚಾಗಿ ಗಂಡಸರು. ಗುಡ್ಡಕ್ಕ ಹೊಂಟ ದಿನ ನಮ್ಮ ಅವ್ವ ಮುಂಜಾನಿಂದ ನೀರು ಕುಡಿಯೂದಿಲ್ಲ. ಹೋಳಿಗಿ, ಕಡಬು, ಬದ್ನಿಕಾಯಿ ಪಲ್ಯ ಎಲ್ಲಾ ಕಟ್ಟಿಕೊಂಡು ಬರ್ತಾಳ, ನೀರಿನ ಬಾಟಲಿ ಮಾತ್ರ ಹುಡುಗರಿಗೆ ಕೊಡ್ತಾಳ. ಪಡಲಿಗಿ ತುಂಬಿಸಿ, ಊಟ ಮುಗಿಸಿ, ಗಾಡಿ ತಿರಗಿ ಊರು ಮುಟ್ಟೂತನಕ ಹಂಗ ಇರಬೇಕು. ಅಲ್ಲಿ ಶೌಚಾಲಯ ಇಲ್ಲ ಅಂತಲ್ಲ. ಹುಣ್ಣಿಮಿ ಮಂದ್ಯಾಗ ಅದರ ಪಾಳಿ, ಅದರ ಸ್ಥಿತಿ ನೋಡಿದೋರಿಗೆ ನಾ ಬ್ಯಾರೆ ಹೇಳಬೇಕಾಗಿಲ್ಲ. ಅದಕ್ಕ ಕಾಕಾನ ಯೋಚನಿಗೆ ನಮ್ಮ ಮನಿ ಹೆಣ್ಮಕ್ಕಳದು ಪೂರಾ ಓಟು.

ಭಾಗ 2

ಈಗ ಪಂಪಿನ ಮಾತು. ಊಟ ಮಾಡ್ಕೋತ ಓದಾಕತ್ತಿದ್ರ ಆಮ್ಯಾಲ ಬರ್ರಿ.

ಗಾಡಿ ಸಂಡಾಸದ ಕೆಳಗ ಒಂದು ಟ್ಯಾಂಕ್ ಇರತೈತಿ. ಅದನ್ನ ಖಾಲಿ ಮಾಡಾಕ ಮೂರು ದಾರಿ. ಒಂದು, ದಪ್ಪನ ಮೂರು ಇಂಚಿನ ಪೈಪು ಹಚ್ಚಿ ವಾಲ್ವ್ ತಗಿಯೂದು. ತಾನಾಗೇ ಇಳಿದು ಹೋಗತೈತಿ, ಆದ್ರ ಚೇಂಬರು ಟ್ಯಾಂಕಿಗಿಂತ ಕೆಳಗ, ಗಾಡಿ ಬಾಜೂಕ ಇರಬೇಕು. ಎರಡು, ಕ್ಯಾಸೆಟ್ ಟಾಯ್ಲೆಟ್: ಸುಮಾರು 20 ಲೀಟರಿನ ಡಬ್ಬಿ, ತುಂಬಿದ ಕೂಡಲೇ ಹೊರಗ ಎಳದು, ಕೈಯಾಗ ಹಿಡಕೊಂಡು ಹೋಗಿ ಸುರಿಯೂದು. ಮೂರು, ಮ್ಯಾಸರೇಟರ್.

ಮ್ಯಾಸರೇಟರ್ ಅಂದ್ರ ಮಿಕ್ಸಿ ಮತ್ತ ನೀರಿನ ಮೋಟಾರ್ ಎರಡೂ ಒಂದರಾಗ. 12 ವೋಲ್ಟಿನ ಮೋಟಾರಿನ ಮುಂದ ಬ್ಲೇಡ್, ಅದರ ಹಿಂದ ರಬ್ಬರಿನ ಇಂಪೆಲ್ಲರ್. ಬ್ಲೇಡು ಎಲ್ಲಾ ನುಣ್ಣಗ ಮಾಡತೈತಿ, ಇಂಪೆಲ್ಲರ್ ಅದನ್ನ ಒಂದು ಇಂಚಿನ ಸಣ್ಣ ಪೈಪಿನ್ಯಾಗ ದೂಡತೈತಿ. ತೋಟಕ್ಕ ನೀರು ಬಿಡೂ ಪೈಪಿನಂಗ ಸುತ್ತಿ ಇಡಬಹುದು, ಚೇಂಬರು ದೂರ ಇದ್ರೂ, ಒಂದೆರಡು ಮೀಟರ್ ಎತ್ತರದಾಗ ಇದ್ರೂ ನಡಿಯತೈತಿ.

ಕಾಕಾ ಕೇಳಿದ್ದು ಬ್ಯಾಟರಿ ಬಗ್ಗೆ. ಲೆಕ್ಕ ಹಿಂಗೈತಿ. ಆರು ಮಂದಿ, ಒಬ್ಬೊಬ್ಬರು ದಿನಕ್ಕ ಐದು ಸಲ, ಪ್ರತಿ ಸಲ ಒಂದೂವರಿ ಲೀಟರ್ ಅಂದ್ರ 45 ಲೀಟರ್. 80 ಲೀಟರ್ ಟ್ಯಾಂಕು ಎರಡು ದಿನದೊಳಗ ತುಂಬತೈತಿ. ಸಾಧಾರಣ ಮ್ಯಾಸರೇಟರ್ ನಿಮಿಷಕ್ಕ 40-45 ಲೀಟರ್ ಹೊರಗ ಹಾಕತೈತಿ, ಅಂದ್ರ ಎರಡು ನಿಮಿಷದ ಕೆಲಸ. 16 ಆಂಪಿಯರ್ ಎಳದ್ರೂ ಎರಡು ನಿಮಿಷಕ್ಕ ಅರ್ಧ ಆಂಪಿಯರ್-ಅವರ್ ಆತು. 100ರ ಬ್ಯಾಟರಿಗೆ ಅದು ಗೊತ್ತ ಆಗೂದಿಲ್ಲ. ಗೊತ್ತಾಗೂದು ವೈರಿಗೆ. ಪಾರ್ಕಿಂಗ್ ಲೈಟಿಗೆ ಹಾಕೋ ತೆಳ್ಳನ ವೈರಿನ್ಯಾಗ 16 ಆಂಪಿಯರ್ ಕಳಿಸಿದ್ರ ಪಂಪ್ ಮುಟ್ಟೂದ್ರಾಗ 12 ವೋಲ್ಟ್ ಹತ್ತಕ್ಕ ಇಳಿದಿರತೈತಿ, ಮೋಟಾರ್ ಗುರ್ ಅಂತ ನಿಲ್ಲತೈತಿ, ವೈರ್ ಬಿಸಿ ಆಗತೈತಿ. ಗಾಡ್ಯಾಗ ಗ್ಯಾಸ್ ಸಿಲಿಂಡರೂ ಐತಿ ಅನ್ನೋದು ನೆನಪಿರ್ಲಿ. ಪಂಪಿನ ಪುಸ್ತಕದಾಗ ಹೇಳಿದ ದಪ್ಪದ ವೈರು, ಹೇಳಿದ ಫ್ಯೂಜು, ಅದೂ ಬ್ಯಾಟರಿ ಹತ್ರ. ಇದರಾಗ ಚೌಕಾಶಿ ಇಲ್ಲ.

ಎರಡನೇದು, ಒಣ ಓಡಿಸೂದು. ರಬ್ಬರಿನ ಇಂಪೆಲ್ಲರ್ ತಂಪಿರೂದು ಒಳಗ ಹರಿಯೋ ನೀರಿಂದ. ಟ್ಯಾಂಕ್ ಖಾಲಿ ಆದ ಮ್ಯಾಲೂ ಸ್ವಿಚ್ ಒತ್ತಿಕೊಂಡು ನಿಂತ್ರ ರಬ್ಬರ್ ಸುಟ್ಟು ಹೋಗತೈತಿ. ಅದಕ್ಕ ಪೈಪಿನ ನಡುವ ಒಂದು ಗೇಣು ಪಾರದರ್ಶಕ ತುಂಡು ಹಾಕಸ್ರಿ, ಹರಿಯೂದು ನಿಂತದ್ದು ಕಣ್ಣಿಗೆ ಕಾಣತೈತಿ. ಕೊನೀಗೆ ಅರ್ಧ ಬಕೆಟ್ ಚಲೋ ನೀರು ಹಾಕಿ ತೊಳೀರಿ. ಡಯಾಫ್ರಾಮ್ ಪಂಪ್ ಅಂತ ಇನ್ನೊಂದು ಜಾತಿ ಐತಿ. ಅದು ಅರಿಯೂದಿಲ್ಲ, ಹಂಗ ದೂಡತೈತಿ, ಸ್ವಲ್ಪ ಹೊತ್ತು ಒಣ ಓಡಿದ್ರೂ ತಡಕೋತೈತಿ, ಆದ್ರ ಪೈಪು ದಪ್ಪ ಬೇಕು. ಬಾಡಿಗಿ ಗಾಡಿ, ದಿನಕ್ಕೊಬ್ಬ ಡ್ರೈವರ್ ಅನ್ನೋರಿಗೆ ಅದೂ ಕೆಟ್ಟದಲ್ಲ.

ಮೂರನೇದು ನಮ್ಮ ಮಂದಿದು. ಬ್ಲೇಡಿಗೆ ಆಗದಿರೂದು ದಾರ, ಬಟ್ಟಿ, ಪ್ಯಾಡ್, ವೆಟ್ ವೈಪ್, ಗುಟಕಾ ಚೀಟಿ. ಜಾತ್ರಿ ಗಾಡ್ಯಾಗ ಇದಕ್ಕ ಬಳಿ ಚೂರು, ಬೇವಿನ ಕಡ್ಡಿನೂ ಸೇರಸ್ರಿ. ಭಂಡಾರಕ್ಕ ಮಾತ್ರ ಪಂಪ್ ಏನೂ ಅನ್ನೂದಿಲ್ಲ. ಸಂಡಾಸದ ಬಾಗಲಾ ಮ್ಯಾಲ ಬೋರ್ಡ್ ಹಾಕೂದ್ಕಿಂತ ಒಳಗ ಒಂದು ಮುಚ್ಚಳದ ಡಬ್ಬಿ ಇಡೂದು ಚಲೋ. ಹೆಣ್ಮಕ್ಕಳಿಗೆ ಹಾಕಾಕ ಜಾಗ ಕೊಡದನ "ಪ್ಯಾಡ್ ಹಾಕಬಾರದು" ಅಂತ ಬರದ್ರ ಅವರು ಕೈಯಾಗ ಹಿಡಕೊಂಡು ನಿಲ್ಲಬೇಕೇನು?

ಬ್ರ್ಯಾಂಡ್ ಯಾವುದು ಅಂತ ಇನ್‌ಬಾಕ್ಸಿನ್ಯಾಗ ಕೇಳ್ತೀರಿ ಅಂತ ಗೊತ್ತು. ಇಂಪೆಲ್ಲರ್ ಮತ್ತ ಸೀಲು ಬಿಡಿಯಾಗಿ ಯಾವುದಕ್ಕ ಸಿಗತೈತಿ ಅದು. ಪಂಪ್ ತರೂ ದಿನಾನ ಒಂದು ಜೋಡಿ ತಗೊಂಡು ಇಡ್ರಿ.

ಭಾಗ 3

ಪಂಪಿನ ಬೆಲೆ ನೋಡಿ ಕಾಕಾಗ ಸಿಟ್ಟು ಬಂತು. ಕ್ಯಾಸೆಟ್ ಸಾಕು, ಕ್ಲೀನರ್ ಹುಡುಗ ಇದ್ದೇ ಇರ್ತಾನಲ್ಲ ಅಂದ್ರು.

ನಾ ಇಲ್ಲೇ ನಿಂತೆ. ಮನಿಯವರಷ್ಟೇ ಹೋಗೋ ಗಾಡಿಗೆ ಕ್ಯಾಸೆಟ್ ಚಲೋ, ಯಾಕಂದ್ರ ತಮ್ಮದು ತಾವ ಹೊರ್ತಾರ. ಬಾಡಿಗಿ ಗಾಡ್ಯಾಗ ಹಂಗಾಗೂದಿಲ್ಲ. ರೊಕ್ಕ ಕೊಟ್ಟೋರು ಮುಟ್ಟೂದಿಲ್ಲ, ಡ್ರೈವರ್ ಮುಟ್ಟೂದಿಲ್ಲ, ಆ ಡಬ್ಬಿ ಹೋಗಿ ಒಬ್ಬ ಹುಡುಗನ ಕೈಯಾಗ ನಿಲ್ಲತೈತಿ. ಆ ಹುಡುಗ ಯಾವ ಓಣ್ಯಾವ ಇರ್ತಾನ ಅಂತ ನಮ್ಮ ಊರಾಗ ಯಾರೂ ಕೇಳಬೇಕಾಗಿಲ್ಲ. ತಲಿ ಮ್ಯಾಲಿನ ಬುಟ್ಟಿ ಹೋಗಿ ಪ್ಲಾಸ್ಟಿಕ್ ಡಬ್ಬಿ ಬಂತು, ಅಷ್ಟ.

ತಲಿ ಮ್ಯಾಲೆ ಮಲ ಹೊರೋ ಪದ್ಧತಿ ನಿಲ್ಲಿಸಾಕ ನಮ್ಮ ರಾಜ್ಯದಾಗ ಬಸವಲಿಂಗಪ್ಪನವರು ಮಂತ್ರಿ ಇದ್ದಾಗ, 1970ರ ದಶಕದಾಗನ ಆದೇಶ ಮಾಡಿದ್ರು. ಆದ್ರೂ 2010ರ ಜುಲೈದಾಗ ಹಾವೇರಿ ಜಿಲ್ಲೆ ಸವಣೂರಿನ್ಯಾಗ ಭಂಗಿ ಸಮಾಜದವರು ಪುರಸಭೆ ಮುಂದ ಮೈಮ್ಯಾಲ ಮಲ ಸುರಕೊಂಡು ನಿಂತ್ರು, ಇದ್ದ ಮನಿ ಬಿಡಿಸ್ತಾರ ಅಂತ. ನಾ ಸಾಲಿಗೆ ಹೋಗೋಕಿಂತ ಮೊದಲಿನ ಮಾತು, ಸವದತ್ತಿಯಿಂದ ಬಹಳ ದೂರದ್ದೇನಲ್ಲ. 2013ರಾಗ ಹೊಸ ಕಾಯ್ದೆ ಬಂತು. ಗಟಾರ, ಸೆಪ್ಟಿಕ್ ಟ್ಯಾಂಕಿನ್ಯಾಗ ಸತ್ತೋರ ಮನಿಗೆ ಹತ್ತು ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರಾಗ ಹೇಳಿತು, 2023ರಾಗ ಅದನ್ನ 30 ಲಕ್ಷ ಮಾಡಿತು. ಈ ಹೋರಾಟ ನಡಿಸಿದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮದೇ ಕೋಲಾರದ ಚಿನ್ನದ ಗಣಿ ಊರಾಗ.

ಅಂಥಾದ್ರಾಗ ನಾವ ಹೊಸ ಧಂದೆ ಶುರು ಮಾಡಿ, ಅದರಾಗ ಮತ್ತ ಒಬ್ಬನ ಕೈಗೆ ಡಬ್ಬಿ ಕೊಡೂದು? ಪಂಪಿನ ರೊಕ್ಕವನ್ನ ನಾ ಕಾಕಾಗ ಸಂಡಾಸದ ಖರ್ಚು ಅಂತ ತೋರಿಸ್ಲಿಲ್ಲ. ಗಾಡಿ ಕಿಮ್ಮತ್ತಿನ್ಯಾಗ ಸೇರಿಸಿ, ಐದು ವರ್ಷಕ್ಕ ಸವಕಳಿ ಹಾಕಿ, ಒಂದು ಟ್ರಿಪ್ಪಿಗೆ ಎಷ್ಟು ಬೀಳತೈತಿ ಅಂತ ತೋರಿಸಿದೆ. ಒಂದು ಟ್ರಿಪ್ಪಿನ್ಯಾಗ ಅವರು ಕುಡಿಯೋ ಚಹಾದಕಿಂತ ಜಾಸ್ತಿ ಏನ ಬರ್ಲಿಲ್ಲ. ಕಾಕಾ ಆ ಹಾಳೆ ಮಡಚಿ ಕಿಸೆದಾಗ ಇಟ್ಕೊಂಡ್ರು.

ಭಾಗ 4

ಇನ್ನ ಫಿಟ್ಟರ್ ಹೇಳಿದ್ದು. "ಪಂಪ್ ಯಾಕ ಅಕ್ಕಾರ, ತಳದಾಗ ಒಂದು ವಾಲ್ವ್ ಇಡೂಣು. ರಾತ್ರಿ ಯರಗಟ್ಟಿ ದಾಟಿದ ಮ್ಯಾಲ ಎಲ್ಲೆರ ಹಳ್ಳದ ಹತ್ರ ತಿರುವಿದ್ರ ಯಾರಿಗೂ ಗೊತ್ತಾಗೂದಿಲ್ಲ."

ರೈಲಿನವರು ಎಷ್ಟೋ ವರ್ಷ ಹಳಿ ಮ್ಯಾಲ ಇದನ್ನೇ ಮಾಡಿದ್ರು. ಆಮ್ಯಾಲ ಡಿಆರ್‌ಡಿಓ ಜತಿ ಸೇರಿ ಬಯೋ ಟಾಯ್ಲೆಟ್ ಹಾಕಿದ್ರು. ಅವರು ಬಿಟ್ಟ ಚಾಳಿ ನಾವು ಹಿಡಿಯೂದು ಬ್ಯಾಡ.

ಹಳ್ಳ ಎಲ್ಲಿಗೆ ಹೋಗತೈತಿ? ಮಲಪ್ರಭೆಗೆ. ಕಣಕುಂಬ್ಯಾಗ ಹುಟ್ಟಿ, ಖಾನಾಪುರ, ಬೈಲಹೊಂಗಲ ಸೀಮಿ ದಾಟಿ, ಸವದತ್ತಿ ಹತ್ರ ನವಿಲುತೀರ್ಥದಾಗ ರೇಣುಕಾಸಾಗರ ಆಗಿ ನಿಲ್ಲತೈತಿ. ಅಲ್ಲಿಂದ ಹುಬ್ಬಳ್ಳಿ-ಧಾರವಾಡಕ್ಕ ಕುಡಿಯೋ ನೀರು. ಮುಂದ ಹೊಳಿ ರಾಮದುರ್ಗದ ಬಾಜೂಕ ಹಾದು ಕೂಡಲಸಂಗಮಕ್ಕ ಹೋಗತೈತಿ. ಸವದತ್ತಿ ಸೀಮ್ಯಾಗ ವಾಲ್ವ್ ತಿರುವಿದ್ರ ರಾಮದುರ್ಗದಾಗಿನ ನಮ್ಮ ಅತ್ತಿ ಮನಿ ಕೊಡಕ್ಕ ಬರತೈತಿ ಅಂದೆ. ನೀರು ಹಾಳು ಮಾಡಬಾರದು ಅಂತ 1974ರಿಂದ ಕಾಯ್ದೆ ಐತಿ, ಆದ್ರ ಫಿಟ್ಟರಣ್ಣಗ ಅತ್ತಿ ಮನಿ ಕೊಡ ಲಗೂ ತಿಳೀತು.

ಹಂಗಾದ್ರ ಖಾಲಿ ಎಲ್ಲಿ? ನಮ್ಮ ಮನಿ ಸೆಪ್ಟಿಕ್ ಟ್ಯಾಂಕಿನ ಚೇಂಬರಿಗೆ ಒಂದು ಇಂಚಿನ ಪೈಪು ಹೋಗುವಂಗ ಮುಚ್ಚಳ ಕೊರಸೂದು ಅಂತ ಠರಾವ ಆಗೇತಿ. 80 ಲೀಟರ್ ಅದಕ್ಕ ಭಾರ ಅಲ್ಲ. ಒಂದೇ ಷರತ್ತು, ಗಾಡಿ ಟ್ಯಾಂಕಿಗೆ ಫಾರ್ಮಾಲ್ಡಿಹೈಡ್ ಇರೋ ವಾಸನಿ ಔಷಧ ಹಾಕಬಾರದು. ಅದು ಸೆಪ್ಟಿಕ್ ಟ್ಯಾಂಕಿನ್ಯಾಗಿನ ಕೊಳಿಸೋ ಬ್ಯಾಕ್ಟೀರಿಯಾನ ಕೊಲ್ಲತೈತಿ. ಎಂಜೈಮಿನದು ಸಿಗತಾವ, ಅವು ನಡೀತಾವ. ಒಂದು ದಿನದ ಟ್ರಿಪ್ಪಿಗೆ ಇಷ್ಟು ಸಾಕು.

ಎರಡು ರಾತ್ರಿ ಗುಡ್ಡದಾಗ ನಿಂತ್ರ ಸಾಲೂದಿಲ್ಲ. 2024ರಾಗ ಕೇಂದ್ರ ಸರಕಾರ ಸವದತ್ತಿ ಯಲ್ಲಮ್ಮನ ಗುಡ್ಡದ ಪ್ರವಾಸೋದ್ಯಮಕ್ಕ ಸುಮಾರು 100 ಕೋಟಿ ರೂಪಾಯಿ ಮಂಜೂರು ಮಾಡೇತಿ. ಅದರಾಗ ಪಾರ್ಕಿಂಗ್ ಜಾಗದ ಒಂದು ಮೂಲ್ಯಾಗ ಸಿಮೆಂಟ್ ಕಟ್ಟಿ, ಮುಚ್ಚಳ ಇರೋ ಒಂದು ಚೇಂಬರು, ಬಾಜೂಕ ಒಂದು ನಳ, ಇಷ್ಟು ಕೇಳೂದು ಹೆಚ್ಚಾತೇನ್ರಿ? ನಮ್ಮ ಒಂದು ಟೆಂಪೋಕ್ಕಲ್ಲ. ಜಾತ್ರಿಗೆ ತರೋ ಮೊಬೈಲ್ ಟಾಯ್ಲೆಟ್ ಗಾಡಿ ಟ್ಯಾಂಕೂ ಎಲ್ಲೆರ ಖಾಲಿ ಆಗಲೇಬೇಕಲ್ಲ. ಕೇರಳದವರು 2021ರಾಗ ಕ್ಯಾರವಾನ್ ಯೋಜನೆ ಮಾಡಿದಾಗ ಗಾಡಿ ಜತಿಗೇ ಗಾಡಿ ನಿಲ್ಲೋ ಪಾರ್ಕನ್ನೂ ಬರಕೊಂಡ್ರು. ಚೇಂಬರಿನಿಂದ ಸಕ್ಕಿಂಗ್ ಗಾಡಿ ಎತ್ತಿದ್ದು ಯಾರದೋ ಹೊಲಕ್ಕ ಹೋಗಬಾರದು ಅಂದ್ರ ಮಲ ಶುದ್ಧ ಮಾಡೋ ಘಟಕ ಬೇಕು. ದೇವನಹಳ್ಳಿಯಂಥ ಸಣ್ಣ ಊರಾಗ ಅದು 2015ರಾಗನ ಆಗೇತಿ.

ದೇವಸ್ಥಾನದವರಿಗೆ ಕೊಡಾಕ ಒಂದು ಪುಟದ ಅರ್ಜಿ ಬರದೀನಿ, ಮುಂದಿನ ಸ್ಲೈಡಿನ್ಯಾಗ ಐತಿ. ಕನ್ನಡ ತಪ್ಪಿದ್ರ ತಿದ್ದಿ ಕಳಸ್ರಿ. ಗುಡ್ಡಕ್ಕ ಮೊಬೈಲ್ ಟಾಯ್ಲೆಟ್ ಬಾಡಿಗಿ ಕೊಡೋರು, ಸಕ್ಕಿಂಗ್ ಗಾಡಿ ನಡಸೋರು ಯಾರರ ಇದನ್ನ ಓದಾಕತ್ತಿದ್ರ ನಿಮ್ಮ ಹೆಸರೂ ಹಾಕ್ರಿ, ನಮ್ಮಂಥ ಹುಡುಗ್ಯಾರ ಸಹಿಗಿಂತ ನಿಮ್ಮದಕ್ಕ ತೂಕ ಜಾಸ್ತಿ. ಆರ್‌ಟಿಓದಾಗ ಗಾಡಿ ಬದಲಿ ಬರಸೂದು ಹೆಂಗ ಅನ್ನೋದು ಭಾಗ 5ರಾಗ, ಪರೀಕ್ಷೆ ಮುಗದ ಮ್ಯಾಲ.

#ಬೈಲಹೊಂಗಲ #ಯಲ್ಲಮ್ಮನಗುಡ್ಡ #ಮಲಪ್ರಭೆ #ಲೆಕ್ಕದಹುಡುಗಿ