ಆರು ತಿಂಗಳ ಸಂಬಳ ಎತ್ತಿಡಬೇಕಂತೆ! ಯಾರ ಸಂಬಳ?

1/4
ಆ ರೀಲ್ ನೀವೂ ನೋಡಿರ್ತೀರ. ಕೋಟು ಹಾಕ್ಕೊಂಡ ಅಣ್ಣ ಹೇಳ್ತಾನೆ, "ಆರು ತಿಂಗಳ ಸಂಬಳ ಎಮರ್ಜೆನ್ಸಿಗೆ ಎತ್ತಿಡಿ" ಅಂತ. ನಮ್ಮ ಕ್ಲಾಸಲ್ಲಿ ಅರ್ಧ ಜನ ಸ್ಟೋರಿಗೂ ಹಾಕಿದ್ರಿ. ಮದ್ದೂರು, ಮಳವಳ್ಳಿ ಬಸ್ಸಲ್ಲಿ ಮಂಡ್ಯಕ್ಕೆ ಬರೋ ನಮ್ಮಲ್ಲಿ ಎಷ್ಟು ಜನರ ಮನೇಲಿ ತಿಂಗಳ ಸಂಬಳ ಅನ್ನೋದಿದೆ? ಕಬ್ಬು ನೆಟ್ಟರೆ ದುಡ್ಡು ಕಾಣೋಕೆ ವರ್ಷ ಬೇಕು. ಕಡಿದ ಮೇಲೂ ಬಿಲ್ಲಿಗೆ ಕಾಯಬೇಕು. 14 ದಿನದೊಳಗೆ ಕೊಡಬೇಕು, ತಡವಾದ್ರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮನೆಗೆ ಒಂದು ಸಲ ಬಿಲ್ ಬಂದಿದ್ದು ಐದನೇ ತಿಂಗಳಿಗೆ. ಬಡ್ಡಿನಾ? ನಗಬೇಡಿ. ಆ ಐದೂ ತಿಂಗಳು ಕೈಸಾಲಕ್ಕೆ ನೂರಕ್ಕೆ ಮೂರರಂತೆ ಬಡ್ಡಿ ಕಟ್ಟಿದ್ದು ನಾವು.

2/4
"ಅನಿರೀಕ್ಷಿತ ಕಷ್ಟ" ಅನ್ನೋ ಮಾತು ಕೇಳಿದ್ರೇ ಸಿಟ್ಟು ಬರುತ್ತೆ. 2023ರಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಲೇ ಇಲ್ಲ. 2016ರಲ್ಲೂ ಅಷ್ಟೆ. ನಾಲೆ ಕೊನೇಲಿರೋ ಮಳವಳ್ಳಿ, ಮದ್ದೂರಿನ ಊರುಗಳಿಗೆ ಕಟ್ಟೆ ತುಂಬಿದ ವರ್ಷವೂ ನೀರಿನ ಗ್ಯಾರಂಟಿ ಇಲ್ಲ. 1933ರಲ್ಲಿ ಹುಟ್ಟಿದ ಮೈಷುಗರ್, 2022ರಲ್ಲಿ ಮತ್ತೆ ಶುರುವಾಗೋ ಮುಂಚೆ ವರ್ಷಗಟ್ಟಲೆ ನಿಂತಿತ್ತು. ಇದರಲ್ಲಿ ಅನಿರೀಕ್ಷಿತ ಯಾವುದು ಕಣ್ರೋ? ಏಳೆಂಟು ವರ್ಷಕ್ಕೊಮ್ಮೆ ತಪ್ಪದೆ ಬರೋನನ್ನ ನೆಂಟ ಅಂತಾರೆ.

3/4
ಹಾಗಂತ ಎಲ್ಲಾ ಕಾರ್ಖಾನೆ ಮೇಲೆ, ಕಟ್ಟೆ ಮೇಲೆ ಹಾಕಿ ಕೈ ತೊಳ್ಕೊಳ್ಳೋಕಾಗಲ್ಲ. ಬಿಲ್ ಬಂದ ವಾರ ನಾವೇನ್ ಮಾಡ್ತೀವಿ? ಸಾವಿರ ಎಲೆಯ ಬೀಗರೂಟ. (ಮಂಡ್ಯದಲ್ಲಿ ಕೂತು ಬೀಗರೂಟ ಬೈಯೋದು ಅಪಾಯ, ಗೊತ್ತು. ನಾನೂ ಎರಡನೇ ಪಂಕ್ತಿಗೆ ಕಾಯೋನಲ್ಲ.) ಅದಾದ್ರೂ ಊರಿಗೆ ಅನ್ನ ಹಾಕ್ದಂಗಾಯ್ತು. ಅಮ್ಮನ ಹೆಸರಲ್ಲಿ ಸಂಘದ ಸಾಲ ಎತ್ತಿಸಿ ಬೈಕಿಗೆ ಡೌನ್ ಪೇಮೆಂಟ್ ಕಟ್ಟಿದೋರು ನಮ್ಮಲ್ಲೇ ಇದ್ದೀರಲ್ಲ, ಅದಕ್ಕೇನಂತೀರ? ವಾರದ ಕಂತಿಗೆ ಕೂಲಿ ಹೋಗೋದು ಅಮ್ಮ. ಬಾಗಿಲಲ್ಲಿ ನಿಂತು ಕೂಗಾಡೋರ ಮಾತು ಕೇಳೋದೂ ಅಮ್ಮ. ಈ ಕಾಟ ತಡೆಯೋಕೆ ಸರ್ಕಾರ 2025ರ ಫೆಬ್ರವರೀಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಆದ್ರೆ ಅದು ಬಲವಂತದ ವಸೂಲಿಗೆ ತಡೆ ಅಷ್ಟೆ. ರಿಸರ್ವ್ ಬ್ಯಾಂಕಲ್ಲಿ ನೋಂದಣಿ ಆಗಿರೋ ಕಂಪನಿಯ ಸಾಲ ಸಾಲವಾಗೇ ಇರುತ್ತೆ.

4/4
ಹಾಗಾದ್ರೆ ಏನ್ ಮಾಡೋದು? ಲೆಕ್ಕಾನ ತಿಂಗಳಿಂದ ಹಾಕಬೇಡಿ, ಬೆಳೆಯಿಂದ ಹಾಕಿ. ಬಿಲ್ ಬಂದ ದಿನವೇ ಮುಂದಿನ ಬಿತ್ತನೆ ಖರ್ಚು, ಬಿಲ್ ತಡವಾಗೋ ನಾಲ್ಕೈದು ತಿಂಗಳ ಮನೆಖರ್ಚು ಬೇರೆ ಖಾತೆಗೆ ಹೋಗಲಿ. ಬೆಳೆಸಾಲ ಇರೋ ಬ್ಯಾಂಕಲ್ಲಿ ಬೇಡ, ಅಲ್ಲಿ ಇಟ್ಟರೆ ಸಾಲಕ್ಕೆ ಜಮಾ ಆಗೋ ಭಯ. ನಮ್ಮ ಮನೆಗಳಲ್ಲಿ ಸಂಬಳದಂಗೆ ಬರೋದು ಡೇರಿಯ ಹಾಲಿನ ಬಟವಾಡೆ ಒಂದೇ. ಅದರಲ್ಲಿ ತಿಂಗಳಿಗೆ 100 ರೂಪಾಯಿಂದ ಅಂಚೆ ಕಚೇರಿ ಆರ್‌ಡಿ ಶುರು ಮಾಡಬಹುದು. ಡೇರಿ ಸದಸ್ಯರಾಗಿದ್ರೆ ಯಶಸ್ವಿನಿ ಕೇಳಿ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಒಂದು ಮದ್ದೂರು ವಡೆ ದುಡ್ಡು. ಮೂರು ಜನ ಒಂದೇ ಬೈಕಲ್ಲಿ ಹೋಗೋ ನೀವು ಅದನ್ನೂ ಮಾಡಿಸಿಲ್ಲ.

ಇವತ್ತು ಮನೆಗೆ ಹೋಗಿ ಅಮ್ಮನ ಸಂಘದ ಪುಸ್ತಕ ತೆಗೆದು ನೋಡಿ, ಎಷ್ಟು ಕಂತು ಬಾಕಿ ಇದೆ ಅಂತ. ನಾನು ಹೋದ ತಿಂಗಳು ನೋಡ್ದೆ. ಮೂರು ಸಂಘದ ಪುಸ್ತಕ ಇತ್ತು. ನನಗೆ ಗೊತ್ತಿದ್ದಿದ್ದು ಒಂದೇ.